ಶಿವಮೊಗ್ಗದಿಂದ ಒಂದೇ ದಿನದಲ್ಲಿ ಮಲ್ಪೆ, ಸೈಂಟ್ ಮೇರೀಸ್, ಕಾಪು: 11 ಜನ, ಒಂದು ಟಿಟಿ, ಆಗುತ್ತಾ?

ತುಂಗಾತೀರ

ಡಿಸೆಂಬರ್ ಕೊನೆಯ ಭಾನುವಾರ ಮನೆಮಂದಿ ಮಲ್ಪೆ ಕಡೆ ಹೊರಡೋ ಯೋಚನೆ. 12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್) ಮಾತಾಡಿ ಆಗಿದೆ. ಅತ್ತೆ, ಮಾವ, ದೊಡ್ಡಮ್ಮ ಮೂವರೂ 65 ದಾಟಿದವರು. ಅತ್ತೆಗೆ ಮಂಡಿನೋವು, ಹತ್ತು ಮೆಟ್ಟಿಲು ಹತ್ತಿದರೆ ಸಾಕು ಕೂರಬೇಕು. 5ರಿಂದ 12 ವರ್ಷದ ನಾಲ್ಕು ಮಕ್ಕಳು. ಉಳಿಯೋ ಹಾಗಿಲ್ಲ, ರಾತ್ರಿಯೇ ವಾಪಸ್.

ಪಟ್ಟಿ ಹೀಗಿದೆ: ಬೆಳಗ್ಗೆ 6ಕ್ಕೆ ಬಿಟ್ಟು ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿ. ಕೃಷ್ಣ ಮಠ, ಅಲ್ಲೇ ಊಟ. ಆಮೇಲೆ ಮಲ್ಪೆ ಬೀಚ್, ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪ, ಕಾಪು ಲೈಟ್‌ಹೌಸ್, ಮರವಂತೆ. ಸಮಯ ಇದ್ದರೆ ಮುರುಡೇಶ್ವರ. ಬರುವಾಗ ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋಣ ಅಂತ ಮಾವನ ಆಸೆ.

ಇದರಲ್ಲಿ ಎಷ್ಟು ಆಗುತ್ತೆ, ಯಾವುದು ಮೊದಲು, ಯಾವುದು ಆಮೇಲೆ? ಗೊತ್ತಿರೋರು ನೇರವಾಗಿ ಹೇಳಿ, ಬೇಜಾರಿಲ್ಲ.

ದಕ್ಕೆಮನೆ

ನೇರವಾಗಿಯೇ ಹೇಳ್ತೇನೆ ಮಾರ್ರೆ. ಮುರುಡೇಶ್ವರ, ಮರವಂತೆ ಎರಡನ್ನೂ ಈಗಲೇ ಹೊಡೆದುಹಾಕಿ. ಉಡುಪಿಯಿಂದ ಮುರುಡೇಶ್ವರ ಹತ್ತಿರ ಹತ್ತಿರ 100 ಕಿ.ಮೀ. ಉತ್ತರಕ್ಕೆ, ಕಾಪು 13 ಕಿ.ಮೀ. ದಕ್ಷಿಣಕ್ಕೆ. ಮರವಂತೆ ಉತ್ತರದ ದಾರಿಯಲ್ಲೇ ಕುಂದಾಪುರ ದಾಟಿದ ಮೇಲೆ. ಅಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ಚಂದವೇ, ಆದರೆ ಅದಕ್ಕೊಂದು ಬೇರೆ ದಿನ ಇಡಿ. ಒಂದೇ ದಿನದಲ್ಲಿ ಹೆದ್ದಾರಿ 66ರ ಎರಡೂ ದಿಕ್ಕಿಗೆ ಓಡಿದರೆ ನೋಡುವುದು ಟಿಟಿಯ ಕಿಟಕಿ ಮಾತ್ರ.

ಆಗುಂಬೆ ಸೂರ್ಯಾಸ್ತವೂ ಲೆಕ್ಕಕ್ಕೆ ಕೂರುವುದಿಲ್ಲ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಸಂಜೆ 6.10ರ ಸುಮಾರಿಗೆ. ಆ ಹೊತ್ತಿಗೆ ಆಗುಂಬೆಯಲ್ಲಿ ಇರಬೇಕಾದರೆ ಕಡಲ ಬದಿಯಿಂದ 4 ಗಂಟೆಗೆಲ್ಲ ಹೊರಡಬೇಕು. ಕಡಲಿನ ಮುಂದೆ ಸಂಜೆ ಬಿಟ್ಟು ಬೆಟ್ಟದ ಮೇಲೆ ಹೋಗಿ ಅದೇ ಕಡಲಿನ ಸೂರ್ಯನನ್ನು ದೂರದಿಂದ ನೋಡುವುದು ಎಂತಕ್ಕೆ?

ಈಗ ಕ್ರಮ. ನೀವು ದ್ವೀಪವನ್ನು ಮಧ್ಯಾಹ್ನದ ಮೇಲೆ ಇಟ್ಟಿದ್ದೀರಿ, ಅದನ್ನು ತಿರುಗಿಸಿ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತಾ ಇರ್ತದೆ, ನೀರು ಸಪಾಟು. 11, 12 ಗಂಟೆ ಆಗುತ್ತಿದ್ದ ಹಾಗೆ ನೆಲ ಕಾದು ಗಾಳಿ ತಿರುಗಿ ಪಡುವಣದಿಂದ ಏಳ್ತದೆ. 2 ಗಂಟೆಯ ಮೇಲೆ ದೋಣಿ ಕುಪ್ಪಳಿಸುವುದು ಅದಕ್ಕೇ. ವಾಂತಿ ಮಾಡುವ ಮಕ್ಕಳಿದ್ದರೆ ಇದೊಂದೇ ಕಾರಣ ಸಾಕು. ಎರಡನೆಯದು ಕ್ಯೂ. ಭಾನುವಾರ 9ಕ್ಕೆ ಟಿಕೆಟ್ ಕೌಂಟರ್ ಮುಂದೆ ನಿಂತವರಿಗೂ 11.30ಕ್ಕೆ ಬಂದವರಿಗೂ ಅಜಗಜಾಂತರ. ಮೂರನೆಯದು ಬಿಸಿಲು. ದ್ವೀಪದಲ್ಲಿ ತೆಂಗಿನಮರ ಉಂಟು, ಆದರೆ ಕರಿಬಂಡೆ ಮಧ್ಯಾಹ್ನ ಕಾದ ಕಾವಲಿ.

ದೋಣಿ ಎರಡು ಕಡೆಯಿಂದ ಹೊರಡ್ತದೆ. ಬಂದರಿನ ಬದಿಯಿಂದ ದೊಡ್ಡ ದೋಣಿ, ಬೀಚ್ ಬದಿಯಿಂದ ಸ್ಪೀಡ್ ಬೋಟ್. ದೊಡ್ಡದು ಜನ ತುಂಬಿದ ಮೇಲೆಯೇ ಬಿಡ್ತಾರೆ, ಬೆಳಗ್ಗೆ ಬೇಗ ಬಂದರೆ ಸ್ವಲ್ಪ ಕಾಯಬೇಕಾದೀತು. ದ್ವೀಪ 6 ಕಿ.ಮೀ. ದೂರ, ದೊಡ್ಡ ದೋಣಿಗೆ ಸುಮಾರು ಅರ್ಧ ಗಂಟೆ. ಟಿಕೆಟ್ ಹೋಗಿ ಬರಲಿಕ್ಕೆ ಸೇರಿಸಿ ಕೊಡ್ತಾರೆ, ಚೀಟಿ ಕಳೆಯಬೇಡಿ, ವಾಪಸ್ ಬರುವಾಗ ಕೇಳ್ತಾರೆ. ಯಾವ ದೋಣಿಯಲ್ಲಿ ಹೋಗಿದ್ದೀರೋ ಅವರದ್ದೇ ದೋಣಿಯಲ್ಲಿ ಬರಬೇಕು. ಹಾಗಾಗಿ ಇಳಿಯುವಾಗಲೇ ದೋಣಿಯ ಹೆಸರು, ನಂಬರ್ ಮೊಬೈಲಿನಲ್ಲಿ ಫೋಟೊ ಹೊಡೆದಿಡಿ, ವಾಪಸ್ ಎಷ್ಟು ಗಂಟೆಗೆ ಅಂತ ದೋಣಿಯವರ ಬಾಯಿಂದಲೇ ಕೇಳಿಕೊಳ್ಳಿ. ಒಂದೂವರೆ ಗಂಟೆ ಸಿಕ್ಕಿದರೆ ಧಾರಾಳ, ಅದು ಉದ್ದಕ್ಕೆ ಅರ್ಧ ಕಿ.ಮೀ. ಇರುವ ತುಂಡು ಭೂಮಿ.

ಚೀಲ ನೋಡಿಯೇ ಬಿಡುವುದು. ಪ್ಲಾಸ್ಟಿಕ್ ಬಾಟಲಿ, ಕುರ್ಕುರೆ ಪ್ಯಾಕೆಟ್, ಮದ್ಯ ಯಾವುದೂ ನಡೆಯುವುದಿಲ್ಲ. ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಸಿಕೊಳ್ಳಿ, ದೊಡ್ಡವರಿಗೆ ಒಬ್ಬರಿಗೆ 1 ಲೀಟರ್ ಬೇಕು. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಅಲ್ಲಿನ ದಡ ಮರಳಿಗಿಂತ ಹೆಚ್ಚು ಚಿಪ್ಪು, ಬರಿಗಾಲಲ್ಲಿ ಮಕ್ಕಳು ಎರಡು ಹೆಜ್ಜೆಗೆ ಅಳ್ತಾರೆ. ಹವಾಯಿ ಚಪ್ಪಲಿ ಅಲೆಗೆ ಕಳಚಿ ಹೋಗ್ತದೆ.

ದಿನಾಂಕದ ಬಗ್ಗೆ ಒಂದು ಮಾತು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಬರಬೇಡಿ. ರಜೆಯವರ ಮೇಲೆ ಶಾಲಾ ಪ್ರವಾಸದ ಬಸ್ಸುಗಳೂ ಅದೇ ಹೊತ್ತಿಗೆ. ಜನವರಿಗೆ ತಳ್ಳಿದರೂ 14ರಿಂದ 18 ಬಿಡಿ, ಕೃಷ್ಣ ಮಠದಲ್ಲಿ ಸಂಕ್ರಾಂತಿಯ ಮೂರು ತೇರು ಇರ್ತದೆ. ಸಮ ಸಂಖ್ಯೆಯ ವರ್ಷವಾದರೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಆ ವಾರ ಉಡುಪಿ ಪೇಟೆಯೊಳಗೆ ಟಿಟಿ ತರುವ ಯೋಚನೆಯೇ ಬೇಡ. ಜನವರಿ ಕೊನೆಯ ಭಾನುವಾರ, ಫೆಬ್ರವರಿ ಮೊದಲನೆಯದು ಚಲೋ. ಸೂರ್ಯಾಸ್ತವೂ 6.30ರ ಹತ್ತಿರ ಹೋಗಿರ್ತದೆ, 20 ನಿಮಿಷ ಲಾಭ.

ಘಾಟಿ ಸ್ಟೇರಿಂಗ್

ಮೇಲಿನವರು ಕಡಲಿನ ಲೆಕ್ಕ ಸರಿಯಾಗಿ ಹೇಳಿದ್ದಾರೆ. ರಸ್ತೆ ಲೆಕ್ಕ ನಾನು ಹೇಳ್ತೀನಿ.

ಶಿವಮೊಗ್ಗದಿಂದ ಮಲ್ಪೆಗೆ 150 ಕಿ.ಮೀ. ಆಸುಪಾಸು. ಗೂಗಲ್ ಮ್ಯಾಪ್ ಮೂರೂವರೆ ಗಂಟೆ ಅನ್ನುತ್ತೆ, ಅದು ಒಬ್ಬನೇ ಕಾರಲ್ಲಿ ಹೋದಾಗ. ಟಿಟಿ, ನಾಲ್ಕು ಮಕ್ಕಳು, ಮೂವರು ಹಿರಿಯರು ಅಂದರೆ ನಿಲ್ಲಿಸಿ ನಿಲ್ಲಿಸಿ ಹೋಗಬೇಕು, ನಾಲ್ಕೂವರೆ ಗಂಟೆ ಹಿಡಿಯಿರಿ. 6ಕ್ಕೆ ಬಿಟ್ಟರೆ ದಕ್ಕೆ (ದೋಣಿ ಹತ್ತುವ ಕಟ್ಟೆ) ಮುಟ್ಟೋದು 10.30. ಅಲ್ಲಿಗೆ ಬೆಳಗಿನ ದೋಣಿ ಕಥೆ ಮುಗೀತು. 4.30ಕ್ಕೆ ಚಕ್ರ ಉರುಳಬೇಕು. 4.30ಕ್ಕೆ ಎಂದರೆ ಎಲ್ಲರಿಗೂ 4 ಅಂತ ಹೇಳಿ.

ತಿಂಡಿ ಎಲ್ಲಿ ಅನ್ನೋದು ಸಣ್ಣ ವಿಷಯ ಅಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ತೀರ್ಥಹಳ್ಳಿಯಲ್ಲಿ ಹೊಟ್ಟೆ ತುಂಬಾ ಮಸಾಲೆದೋಸೆ ತಿನ್ನಿಸಿ ಘಾಟಿ ಇಳಿಸಿದರೆ ಏಳನೇ ತಿರುವಿಗೆ ಗಾಡಿ ನಿಲ್ಲಿಸೋದು ಖಾತ್ರಿ, ಆದರೆ ಅಲ್ಲಿ ನಿಲ್ಲಿಸೋಕೆ ಜಾಗ ಇಲ್ಲ. ತೀರ್ಥಹಳ್ಳಿಯಲ್ಲಿ ಕಾಫಿ, ಮಕ್ಕಳಿಗೆ ಎರಡು ಬಿಸ್ಕತ್ತು ಸಾಕು. ಸೋಮೇಶ್ವರ ದಾಟಿ ಹೆಬ್ರಿಯಲ್ಲಿ 7.30, 8ರ ಹೊತ್ತಿಗೆ ಸರಿಯಾಗಿ ತಿಂಡಿ ಮಾಡಿ. ವಾಂತಿ ಮಾತ್ರೆ ಕೊಡೋರು ಘಾಟಿ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಕೊಡಬೇಕು, ಮಕ್ಕಳ ಡೋಸ್ ಡಾಕ್ಟರ್ ಹತ್ತಿರ ಕೇಳಿ. ವಾಂತಿ ಬರೋ ಮಗುವನ್ನು ಮುಂದಿನ ಸಾಲಲ್ಲಿ ಕೂರಿಸಿ, ಕೈಗೆ ಮೊಬೈಲ್ ಕೊಡಬೇಡಿ.

ಹೆಬ್ರಿಯಿಂದ ಪೆರ್ಡೂರು, ಪರ್ಕಳ, ಮಣಿಪಾಲ ಮೇಲೆ ಉಡುಪಿ. ಇದು ರಾಷ್ಟ್ರೀಯ ಹೆದ್ದಾರಿ 169ಎ, ಕೊನೆಯಾಗೋದೇ ಮಲ್ಪೆಯಲ್ಲಿ, ಹಾಗಾಗಿ ದಾರಿ ತಪ್ಪೋ ಪ್ರಶ್ನೆ ಇಲ್ಲ. ಕೃಷ್ಣ ಮಠಕ್ಕೆ ಅಂತ ಬೆಳಗ್ಗೆ ಪೇಟೆಯೊಳಗೆ ತಿರುಗಬೇಡಿ, ಸೀದಾ ಮಲ್ಪೆಗೆ.

ಮುಖ್ಯವಾದದ್ದು ಡ್ರೈವರ್. 4.30ಕ್ಕೆ ಹೊರಟು ರಾತ್ರಿ 11ಕ್ಕೆ ಮನೆ ಅಂದರೆ ಹದಿನೆಂಟೂವರೆ ಗಂಟೆ. ಅದರಲ್ಲಿ ಕೊನೆಯ ನಾಲ್ಕು ಗಂಟೆ ಕತ್ತಲಲ್ಲಿ, ಘಾಟಿ ಹತ್ತುತ್ತಾ. ನೀವು ದ್ವೀಪಕ್ಕೆ ಹೋದಾಗ ಅವರನ್ನೂ ದೋಣಿಗೆ ಕರೆಯೋದು ಪ್ರೀತಿ ಅಲ್ಲ, ಆ ಮೂರು ಗಂಟೆ ಮಲಗೋಕೆ ಬಿಡಿ. ಹಿಂದಿನ ದಿನ ರಾತ್ರಿ ಬೇರೆ ಟ್ರಿಪ್ ಹೊಡೆದಿಲ್ಲ ಅನ್ನೋದನ್ನ ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಚಾರ್ಜ್ ಸ್ವಲ್ಪ ಹೆಚ್ಚಾದರೂ ಇಬ್ಬರು ಡ್ರೈವರ್ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ.

ಮಳೆಗಾಲದಲ್ಲಿ ಇದೇ ಪ್ಲಾನ್ ಮಾಡೋರಿಗೂ ಒಂದು ಮಾತು: ಆಗುಂಬೆಯಲ್ಲಿ ಗುಡ್ಡ ಜರುಗಿ ದೊಡ್ಡ ಗಾಡಿಗಳನ್ನ ನಿಲ್ಲಿಸೋದು ಪ್ರತಿ ಮಳೆಗಾಲದ ಪಾಡು. ಆಗ ಹುಲಿಕಲ್ ಘಾಟಿ ಸುತ್ತಬೇಕು. ಅದೂ ಅಲ್ಲದೆ ದ್ವೀಪದ ದೋಣಿಯೇ ಆ ತಿಂಗಳುಗಳಲ್ಲಿ ಇರಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಜನವರಿ ಕೊನೆಯ ಭಾನುವಾರಕ್ಕೆ ತಳ್ಳಿದೆ, 4.30 ಅಂದಾಗ ಮನೆಯಲ್ಲಿ ಸ್ವಲ್ಪ ಗಲಾಟೆ ಆಯ್ತು, ಒಪ್ಪಿದ್ದಾರೆ. ಇನ್ನು ಮೂರು ವಿಷಯ.

ಅತ್ತೆಯನ್ನ ದೋಣಿ ಹತ್ತಿಸಬಹುದಾ? ಮಕ್ಕಳು ನೀರಿಗೆ ಇಳಿಯೋದು ಎಲ್ಲಿ ಸೇಫ್, ದ್ವೀಪದಲ್ಲಾ, ಮಲ್ಪೆಯಲ್ಲಾ, ಕಾಪುವಲ್ಲಾ? ದ್ವೀಪದ ಕಲ್ಲಿನ ಬಗ್ಗೆ ಎಲ್ಲರೂ ಹೇಳ್ತಾರೆ, ಅದರಲ್ಲಿ ನೋಡಬೇಕಾದ್ದು ಏನು? ದೊಡ್ಡ ಮಗಳು ಏಳನೇ ಕ್ಲಾಸು, ಕೇಳ್ತಾ ಇದ್ದಾಳೆ.

ಪಡುಗಾಳಿ

ಅತ್ತೆಯವರ ವಿಷಯ: ಬೇಡ. ದೋಣಿ ಹತ್ತುವಾಗ ದಕ್ಕೆಗೂ ದೋಣಿಗೂ ನಡುವೆ ಒಂದು ಹೆಜ್ಜೆಯ ಅಂತರ ಇರುತ್ತದೆ, ಅದು ಮೇಲೆ ಕೆಳಗೆ ಆಡುತ್ತಿರುತ್ತದೆ. ಇನ್ನೂ ಕಷ್ಟ ಅಂದರೆ ದ್ವೀಪದ ಹತ್ತಿರ ಆಳ ಕಡಿಮೆ. ದೊಡ್ಡ ದೋಣಿ ದಡ ಮುಟ್ಟಲು ಆಗದಾಗ ಚಿಕ್ಕ ದೋಣಿಗೆ ದಾಟಿಸಿ ಇಳಿಸುತ್ತಾರೆ. ತೂಗುವ ಒಂದು ದೋಣಿಯಿಂದ ತೂಗುವ ಇನ್ನೊಂದಕ್ಕೆ ಕಾಲಿಡುವಾಗ ಇಡೀ ಭಾರ ಒಂದೇ ಮಂಡಿಯ ಮೇಲೆ ಬೀಳುತ್ತದೆ. ಕೈ ಹಿಡಿಯುವ ಹುಡುಗರು ಚುರುಕಾಗಿದ್ದಾರೆ, ಆದರೆ ಮಂಡಿ ಬಗ್ಗದವರಿಗೆ ಅವರೂ ಏನೂ ಮಾಡಲಾರರು. ಮಾವ, ದೊಡ್ಡಮ್ಮ ಗಟ್ಟಿ ಇದ್ದರೆ ಹೋಗಲಿ.

ಅತ್ತೆಗೆ ಮಲ್ಪೆಯಲ್ಲೇ ಒಳ್ಳೆಯ ಬೆಳಗು ಮಾಡಿಕೊಡಬಹುದು. ಬೀಚಿನ ಹತ್ತಿರವೇ ವಡಭಾಂಡೇಶ್ವರ ಬಲರಾಮನ ದೇವಸ್ಥಾನ ಇದೆ, ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ್ದು ಎಂದು ಪ್ರತೀತಿ. ಬಿಸಿಲು ಏರುವ ಮುಂಚೆ ಸೀ ವಾಕ್ ಮೇಲೆ ನಡೆಯಬಹುದು. ಅಲೆತಡೆಗೋಡೆಯ ಮೇಲೆ ಮಾಡಿರುವ ದಾರಿ, ನೆಲ ಸಮ, ಮೆಟ್ಟಿಲ ಕಾಟ ಇಲ್ಲ, ಮೂರು ಕಡೆ ಕಡಲು. ಅವರ ಜೊತೆ ಒಬ್ಬರು ಉಳಿಯಲೇಬೇಕು. ಟಿಟಿಯಲ್ಲಿ ಡ್ರೈವರ್ ಮಲಗಿರುತ್ತಾರೆ, ಅಲ್ಲಿ ಕೂರಿಸುವುದು ಇಬ್ಬರಿಗೂ ಹಿಂಸೆ.

ಕಾಪು ಲೈಟ್‌ಹೌಸ್ ಕೂಡ ಅವರಿಗಲ್ಲ. 1901ರಲ್ಲಿ ಬ್ರಿಟಿಷರು ಬಂಡೆಯ ಮೇಲೆ ಕಟ್ಟಿದ್ದು, ಎತ್ತರ 27 ಮೀಟರ್. ಮೊದಲು ಬಂಡೆ ಹತ್ತಬೇಕು, ಆಮೇಲೆ ಒಳಗಿನ ಸುರುಳಿ ಮೆಟ್ಟಿಲು. ಜನರನ್ನು ಮೇಲೆ ಬಿಡುವುದು ಸಂಜೆ ಮಾತ್ರ, ಸಾಮಾನ್ಯವಾಗಿ 4ರಿಂದ 6. ಸೂರ್ಯಾಸ್ತವನ್ನು ಮೇಲಿಂದ ನೋಡುತ್ತೇವೆ ಎಂದುಕೊಂಡು 5.30ಕ್ಕೆ ಬಂದು ಕ್ಯೂ ನಿಂತವರು ಕೆಳಗೇ ಉಳಿಯುತ್ತಾರೆ. 4ಕ್ಕೇ ಹತ್ತಿ ಇಳಿದುಬಿಡಿ, ಸೂರ್ಯಾಸ್ತಕ್ಕೆ ಮರಳು ಸಾಕು.

ಇನ್ನು ನೀರಿನ ವಿಷಯ, ಇದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಮಕ್ಕಳನ್ನು ನೀರಿಗೆ ಇಳಿಸುವುದಾದರೆ ಮೂರರಲ್ಲಿ ಮಲ್ಪೆ ಬೀಚ್, ಅದೂ ಜೀವರಕ್ಷಕರು ಕಣ್ಣಿಗೆ ಕಾಣುವ ಜಾಗದಲ್ಲಿ. ಕೆಂಪು ಬಾವುಟ ಇದ್ದ ಕಡೆ ಪಾದವೂ ಬೇಡ. ದ್ವೀಪದಲ್ಲಿ ತೆಂಗಿನಮರಗಳ ಕೆಳಗಿನ ಆಳವಿಲ್ಲದ ಅಂಚಿನಲ್ಲಿ ಕಾಲು ನೆನೆಸಿದರೆ ಸಾಕು. ಪಡುವಣ ಬದಿಯ ಬಂಡೆಗಳ ಮೇಲೆ ಫೋಟೊಗೆಂದು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಅಲ್ಲಿ ಆಗುವುದು ಹೀಗೆ: ಐದಾರು ಅಲೆ ಬಂಡೆಯ ಬುಡಕ್ಕೆ ಬಂದು ಹೋಗುತ್ತವೆ, ಒಣಗಿದ ಕಲ್ಲು ನೋಡಿ ಜನ ಮುಂದೆ ಹೋಗುತ್ತಾರೆ, ಏಳನೆಯದೋ ಹತ್ತನೆಯದೋ ಎರಡರಷ್ಟು ಎತ್ತರ ಬರುತ್ತದೆ. ಕಲ್ಲಿನ ಮೇಲೆ ಕಪ್ಪು, ಹಸಿರು ಪಾಚಿ ಇದ್ದರೆ ಅಲ್ಲಿಯವರೆಗೆ ನೀರು ಬರುತ್ತದೆ ಎಂದೇ ಅರ್ಥ. ಆ ಗೆರೆ ದಾಟಬೇಡಿ.

ಕಾಪುವಿನಲ್ಲಿ ಲೈಟ್‌ಹೌಸ್ ಬಂಡೆಯ ಪಕ್ಕ ನೀರಿಗೆ ಇಳಿಯಲೇಬಾರದು. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಎಲ್ಲಿಂದಾದರೂ ವಾಪಸ್ ಹೋಗಬೇಕಲ್ಲ, ಬಂಡೆ ಇರುವ ಕಡೆ ಅದರ ಬದಿ ಹಿಡಿದುಕೊಂಡು ಹೊರಗೆ ಓಡುತ್ತದೆ. ಸೆಳೆತ ಅನ್ನುವುದು ಇದನ್ನೇ. ದಡದಿಂದ ನೋಡಿದರೆ ಎಡಬಲದಲ್ಲಿ ಬಿಳಿ ನೊರೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಂದಾಗಿ, ಮರಳು ಕಲಕಿದ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ‘ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೆಯ ಜಾಗ’ ಎಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು. ಈಜುಗಾರನನ್ನೂ ಅದು ಸೋಲಿಸುತ್ತದೆ. ತೇಲುತ್ತಾ, ಕೈ ಎತ್ತಿ ಕೂಗುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು. ಪಟ್ಟಿ ಸಾಮಾನ್ಯವಾಗಿ ಅಗಲವಿರುವುದಿಲ್ಲ, ದಾಟಿದ ಮೇಲೆ ಅಲೆಯೇ ದಡಕ್ಕೆ ತರುತ್ತದೆ. ಇನ್ನೊಬ್ಬರು ಮುಳುಗುವುದನ್ನು ನೋಡಿ ಬರಿಗೈಯಲ್ಲಿ ಹಾರುವುದರಿಂದಲೇ ಒಂದು ಸಾವು ಮೂರಾಗುವುದು. ಖಾಲಿ ಕ್ಯಾನ್, ಹಗ್ಗ, ಲೈಫ್ ಜಾಕೆಟ್ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

12 ವರ್ಷದೊಳಗಿನ ಮಕ್ಕಳಿಗೆ ನಿಯಮ ಸರಳ: ಅವರವರ ಮಂಡಿಯವರೆಗೆ ನೀರು, ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು, ಆ ದೊಡ್ಡವರು ಕಡಲಿನ ಬದಿಗೆ ನಿಂತು ಮಕ್ಕಳನ್ನು ದಡದ ಬದಿಗೆ ಇಟ್ಟುಕೊಳ್ಳಬೇಕು. ಇಳಿತದ ಹೊತ್ತಿಗೆ ಕಾಲಡಿಯ ಮರಳು ಎಳೆದುಕೊಂಡು ಹೋಗುವುದು ಹೆಚ್ಚು. ಭರತ ಯಾವಾಗ, ಇಳಿತ ಯಾವಾಗ ಎಂದು ಮಲ್ಪೆ ಬಂದರಿನ ಪಟ್ಟಿಯನ್ನು ಆನ್‌ಲೈನಲ್ಲಿ ನೋಡಬಹುದು. ಎರಡು ಭರತಗಳ ನಡುವೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಎರಡು ಮೂರು ದಿನ ಏರಿಳಿತ ಜೋರು.

ಇನ್ನೊಂದು, ಇದು ಏಪ್ರಿಲ್, ಮೇ ತಿಂಗಳಲ್ಲಿ ಬರುವವರಿಗೆ ಹೆಚ್ಚು ಬೇಕಾದದ್ದು. ಆಕಾಶ ತಿಳಿಯಾಗಿ, ಗಾಳಿಯೂ ಇಲ್ಲದೆ ಒಮ್ಮೆಲೇ ಕಡಲು ಉಕ್ಕಿ ದಡ ಏರುವುದುಂಟು. ಮಲಯಾಳಿ ಮೀನುಗಾರರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ತೀರಾ ದಕ್ಷಿಣದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿ.ಮೀ. ಬಂದು ಇಲ್ಲಿ ಮುಟ್ಟುವುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟಿನಲ್ಲಿ ಉಡುಪಿ ಜಿಲ್ಲೆ ನೋಡಿಕೊಳ್ಳಿ. ಎಚ್ಚರಿಕೆ ಇದ್ದರೆ ದೋಣಿ ಬಿಡುವುದಿಲ್ಲ, ಮಲ್ಪೆಗೆ ಬಂದು ಜಗಳ ಆಡಿ ಪ್ರಯೋಜನವಿಲ್ಲ.

ಜೆಲ್ಲಿ ಮೀನು ತಾಗಿ ಉರಿದರೆ ಮರಳು ಹಾಕಿ ಉಜ್ಜಬಾರದು, ಸಿಹಿನೀರಲ್ಲಿ ತೊಳೆಯಲೂಬಾರದು, ಎರಡರಿಂದಲೂ ಉಳಿದ ವಿಷಕೋಶಗಳು ಒಡೆಯುತ್ತವೆ. ಕಡಲ ನೀರಲ್ಲೇ ತೊಳೆದು, ಅಂಟಿದ ಎಳೆಯನ್ನು ಕೆರೆಯದೆ ಚಿಮಟದಿಂದ ಎತ್ತಿ, ಆಮೇಲೆ ಸಹಿಸುವಷ್ಟು ಬಿಸಿನೀರು. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆ. ಉಡುಪಿ 6 ಕಿ.ಮೀ., ಮಣಿಪಾಲ ಅದರ ಪಕ್ಕ.

ಶಿಲಾಪದರ

ಏಳನೇ ಕ್ಲಾಸಿನವಳಿಗೆ ಉತ್ತರ. ಮೊದಲು ಒಂದು ಕಂಬದ ತಲೆ ನೋಡಿ ಅದರ ಅಂಚುಗಳನ್ನು ಬೆರಳಿಟ್ಟು ಎಣಿಸಲಿ. ಐದು, ಆರು, ಏಳು ಮೂಲೆಯವು ಸಿಗುತ್ತವೆ. ಯಾರೋ ಕೆತ್ತಿ ಜೋಡಿಸಿದ ಹಾಗೆ ಕಾಣುತ್ತದೆ, ಯಾರೂ ಕೆತ್ತಿಲ್ಲ. ಲಾವಾ ಹರಿದು ದಪ್ಪನೆಯ ಪದರವಾಗಿ ನಿಂತು, ಮೇಲಿಂದ ಕೆಳಗಿಂದ ತಣ್ಣಗಾಗುತ್ತಾ ಕುಗ್ಗಿತು. ಕುಗ್ಗುವಾಗ ಎಳೆತ ಎಲ್ಲಾ ದಿಕ್ಕಿಗೂ ಸಮನಾಗಿದ್ದರೆ ಬಿರುಕು 120 ಡಿಗ್ರಿಗೆ ಹತ್ತಿರದ ಕೋನದಲ್ಲಿ ಮೂರು ಕವಲಾಗಿ ಒಡೆಯುತ್ತದೆ, ಅಂಥ ಕವಲುಗಳು ಕೂಡಿದಾಗ ಆರು ಮೂಲೆ. ಬಿರುಕು ಯಾವಾಗಲೂ ತಣ್ಣಗಾಗುವ ಮೈಗೆ ಲಂಬವಾಗಿ ಒಳಗೆ ಇಳಿಯುತ್ತದೆ, ಆದ್ದರಿಂದ ಕಂಬ. ಕೆಲವು ಕಡೆ ಕಂಬಗಳು ಓರೆಯಾಗಿವೆ, ಅಲ್ಲಿ ನಿಂತು ಲಾವಾದ ಮೈ ಯಾವ ಕಡೆ ಇದ್ದಿರಬೇಕು ಎಂದು ಅವಳೇ ಊಹಿಸಲಿ.

ಇದರ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ. ಬೆಳಗಾವಿ ಕಡೆಯ ದಖ್ಖನ್ ಲಾವಾಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ, ಅದು ಸುಮಾರು 6.6 ಕೋಟಿ ವರ್ಷದ್ದು, ಇದಕ್ಕಿಂತ ಎರಡು ಕೋಟಿ ವರ್ಷ ಚಿಕ್ಕದು. ಕಲ್ಲಿನ ಜಾತಿಯೂ ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕರ್ನಾಟಕದಲ್ಲಿ ಅಂಥ ಇನ್ನೊಂದು ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಅದಂತೂ ನೂರಾರು ಕೋಟಿ ವರ್ಷ ಹಳೆಯದು. ಹಾಗಾಗಿ ಕಲ್ಲಿನ ಚೂರು, ಚಿಪ್ಪು ಚೀಲಕ್ಕೆ ಹಾಕಿಕೊಳ್ಳುವುದು ಬೇಡ.

ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಎಂಬ ಕಥೆಯನ್ನು ದೋಣಿಯಲ್ಲಿ ಹೇಳುತ್ತಾರೆ, ಅದನ್ನು ಕಥೆಯಾಗಿಯೇ ಕೇಳಿಕೊಳ್ಳಿ.

ಗೋಳಿಬಜೆ

ಊಟದ ಬಗ್ಗೆ ಯಾರೂ ಬರೆಯಲಿಲ್ಲ ಅಂತ ನಾನು ಬಂದೆ. ದ್ವೀಪದಿಂದ 12, 12.30ಕ್ಕೆ ವಾಪಸ್ ಆದ್ರೆ ಎರಡು ದಾರಿ. ಸಸ್ಯಾಹಾರಿಗಳಾದ್ರೆ ಸೀದಾ ಕೃಷ್ಣ ಮಠ, ದರ್ಶನ, ಭೋಜನ ಎರಡೂ ಒಂದೇ ಸುತ್ತಿಗೆ. ಆದ್ರೆ ಒದ್ದೆ ಚಡ್ಡಿ, ಮರಳು ಮೆತ್ತಿದ ಕಾಲಲ್ಲಿ ಹೋಗುವ ಹಾಗಿಲ್ಲ, ಮಲ್ಪೆಯಲ್ಲೇ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ. ಗಂಡಸರಿಗೆ ಪಂಚೆ, ಶಾಲು ಇದ್ರೆ ಒಳ್ಳೇದು, ಅಂಗಿ ತೆಗೀಬೇಕಾಗ್ತದೆ. ಮೀನು ತಿನ್ನುವವರಾದ್ರೆ ಮಲ್ಪೆಯಲ್ಲೇ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಬೂತಾಯಿ ಫ್ರೈ ಎಲ್ಲ ಪ್ಲೇಟಿಗಿಷ್ಟು ಅಂತ. ಅಂಜಲ್, ಪಾಂಪ್ಲೆಟ್, ಸಿಗಡಿ ಮಾತ್ರ ಸೈಜ್ ನೋಡಿ ರೇಟು. ಮೆನುವಿನಲ್ಲಿ ರೇಟು ಬರೆಯದೆ ಖಾಲಿ ಬಿಟ್ಟಿದ್ರೆ ಮೀನು ತೋರಿಸಿ ಎಷ್ಟಾಗ್ತದೆ ಅಂತ ಕೇಳಿ ಆಮೇಲೆ ಕಾವಲಿಗೆ ಹಾಕಿಸಿ. ಬಿಲ್ ಬಂದ ಮೇಲೆ ಕಣ್ಣು ಬಿಟ್ರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಘಟ್ಟದ ಮೇಲಿನ ಮಕ್ಕಳಿಗೆ ಪುಳಿಮುಂಚಿ ಖಾರ ಆದೀತು, ನೀರ್ದೋಸೆ ಜೊತೆ ಬೇರೆ ಏನಾದ್ರೂ ಹೇಳಿ.

ಮೀನು ತಿಂದು ಮಠಕ್ಕೆ ಹೋಗುವುದು ಬೇಡ ಅನ್ನುವವರು ನಿಮ್ಮ ಮನೆಯಲ್ಲಿ ಇರಬಹುದು. ಅದನ್ನು ಹೊರಡುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ, ಟಿಟಿಯಲ್ಲಿ ಅಲ್ಲ.

ದಕ್ಕೆಮನೆ

ಮಧ್ಯಾಹ್ನದಿಂದ ಸಂಜೆಗೆ ದಾರಿ ಹೇಳಿ ಮುಗಿಸ್ತೇನೆ. ಮಲ್ಪೆಯಿಂದ ಕಾಪುವಿಗೆ ವಾಪಸ್ ಉಡುಪಿ ಹೊಕ್ಕು ಹೆದ್ದಾರಿ ಹಿಡಿಯುವುದು ಒಂದು. ಮಠಕ್ಕೆ ಹೋಗುವವರಿಗೆ ಅದೇ ಸರಿ. ಮಠ ಬೇಡ ಅಂತಾದರೆ ಮಲ್ಪೆಯಲ್ಲಿ ಪಡುಕೆರೆ ಸೇತುವೆ ದಾಟಿ ದಕ್ಷಿಣಕ್ಕೆ ಬನ್ನಿ. ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ತೆಂಗಿನ ತೋಟ, ಮನೆ, ಅಗಲ ಇಲ್ಲದ ರಸ್ತೆ. ಎದುರಿಗೆ ಇನ್ನೊಂದು ಟಿಟಿ ಬಂದರೆ ಒಬ್ಬರು ಹಿಂದಕ್ಕೆ ತೆಗೆಯಬೇಕು, ಡ್ರೈವರಿಗೆ ಮೊದಲೇ ಹೇಳಿ. ಮಟ್ಟುವಿನಲ್ಲಿ ಹೊಳೆ ದಾಟಿ ಕಟಪಾಡಿಗೆ ಹೆದ್ದಾರಿ ಸಿಗ್ತದೆ. ಮಟ್ಟುಗುಳ್ಳ ಅನ್ನುವ ಬದನೆ ಬೆಳೆಯುವುದು ಇದೇ ಮಣ್ಣಿನಲ್ಲಿ, ಜನವರಿಯಲ್ಲಿ ಸಿಕ್ಕೇ ಸಿಗ್ತದೆ. ದುಂಡಗೆ, ತಿಳಿ ಹಸಿರು, ಮೈಮೇಲೆ ಬಿಳಿ ಗೆರೆ, ತೊಟ್ಟಿನ ಮೇಲೆ ಸಣ್ಣ ಮುಳ್ಳು ಇದ್ದರೆ ಅಸಲಿ. 2011ರಿಂದ ಭೌಗೋಳಿಕ ಸೂಚ್ಯಂಕ ಉಂಟು. ನುಣ್ಣಗಿನ ನೇರಳೆ ಬದನೆಯನ್ನು ಅದೇ ಹೆಸರಲ್ಲಿ ಕೊಟ್ಟರೆ ತಗೊಳ್ಳಬೇಡಿ.

ಮಲ್ಪೆ ಬಂದರಿನ ಹತ್ತಿರ ಒಂದು ಎಚ್ಚರ. ಮೀನಿನ ಲಾರಿಯಿಂದ ಐಸಿನ ನೀರು ಸೋರಿ ರಸ್ತೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಪಸೆ ಆಗಿರ್ತದೆ. ಟಿಟಿಗೆ ತೊಂದರೆ ಇಲ್ಲ, ನಡೆದು ದಾಟುವ ಅತ್ತೆಯವರಿಗೆ ಉಂಟು. ಅವರನ್ನು ಬೀಚ್ ಬದಿಯಲ್ಲೇ ಇಳಿಸಿ.

ಗಾಡಿಯಲ್ಲಿ 20 ಲೀಟರಿನ ಎರಡು ಕ್ಯಾನ್ ಸಿಹಿನೀರು, ಒಂದು ಚೊಂಬು ಇಟ್ಟುಕೊಳ್ಳಿ, ಕಾಪುವಿನಲ್ಲಿ ಹತ್ತುವ ಮುಂಚೆ ಎಲ್ಲರ ಕಾಲು ತೊಳೆಯಲಿಕ್ಕೆ. ಒದ್ದೆ ಮರಳು ತಿಕ್ಕಿದರೆ ಹೋಗುವುದಿಲ್ಲ, ಮಕ್ಕಳ ಪೌಡರ್ ಉದುರಿಸಿ ಒರೆಸಿದರೆ ತಾನಾಗಿ ಉದುರ್ತದೆ. ಬಿಸಿಲಿಗೆ ಸುಸ್ತಾದವರಿಗೆ 1 ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ತಲೆ ಸಮ ಮಾಡಿ ಅಳೆಯಬೇಕು.

ತುಂಗಾತೀರ

ಹಾಗಾದ್ರೆ ಹೀಗೆ: 4.30 ಬಿಡೋದು, ಹೆಬ್ರಿ ತಿಂಡಿ, 9ಕ್ಕೆ ಮಲ್ಪೆ. ಅತ್ತೆ, ನನ್ನ ತಮ್ಮ ಸೀ ವಾಕ್, ದೇವಸ್ಥಾನ, ಉಳಿದವರು ದೋಣಿ. 12.30 ವಾಪಸ್, ಸ್ನಾನ. ಮಠದ ಊಟಕ್ಕೇ ಬಹುಮತ. 4ಕ್ಕೆ ಕಾಪು, ಸೂರ್ಯಾಸ್ತ ಮುಗಿಸಿ 6.45ಕ್ಕೆ ಹೊರಟರೆ ಮನೆ 11. ಮಾವ ಮಾತ್ರ ಆಗುಂಬೆ ಅಂತ ಇನ್ನೂ ಗೊಣಗ್ತಾ ಇದ್ದಾರೆ.

ಘಾಟಿ ಸ್ಟೇರಿಂಗ್

ಮಾವನಿಗೆ ಹೇಳಿ, ಹೋಗುವಾಗ 7 ಗಂಟೆ ಆಸುಪಾಸು ಆಗುಂಬೆ ವ್ಯೂ ಪಾಯಿಂಟಲ್ಲಿ ಹತ್ತು ನಿಮಿಷ ನಿಲ್ಲಿಸಬಹುದು. ಜನವರಿಯಲ್ಲಿ ಆ ಹೊತ್ತಿಗೆ ಕೆಳಗಿನ ಕಾಡೆಲ್ಲಾ ಮಂಜು ತುಂಬಿರುತ್ತೆ, ಜನ ಇರಲ್ಲ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ.

11ಕ್ಕೆ ಮನೆ ಅನ್ನೋದು ಎಲ್ಲೂ ನಿಲ್ಲದೆ ಬಂದರೆ. ರಾತ್ರಿ ಊಟ ಹೆಬ್ರಿಯಲ್ಲೇ ಮುಗಿಸಿ, ಘಾಟಿ ಹತ್ತಿದ ಮೇಲೆ ತೀರ್ಥಹಳ್ಳಿವರೆಗೆ ಆ ಹೊತ್ತಲ್ಲಿ ಬಾಗಿಲು ತೆರೆದ ಹೋಟೆಲ್ ನಂಬೋಕಾಗಲ್ಲ. ಸೋಮೇಶ್ವರದಿಂದ ಆಗುಂಬೆವರೆಗೆ ಮೊಬೈಲ್ ಸಿಗ್ನಲ್ ಕೈಕೊಡುತ್ತೆ, ಮನೆಗೆ ಫೋನ್ ಮಾಡೋದಿದ್ದರೆ ಹೆಬ್ರಿಯಿಂದಲೇ ಮಾಡಿ. ಡೀಸೆಲ್ ಉಡುಪಿಯಲ್ಲೇ ತುಂಬಿಸಿ. ಘಾಟಿಯಲ್ಲಿ ಮಂಜು ಇದ್ದರೆ ಡಿಮ್ ಲೈಟು, ಹೈಬೀಮ್ ಹಾಕಿದರೆ ಬಿಳಿ ಗೋಡೆ ಮಾತ್ರ ಕಾಣುತ್ತೆ. ಡ್ರೈವರ್ ಎರಡು ಸಲ ಆಕಳಿಸಿದರೆ ಆಗುಂಬೆ ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮನೆ ಸೇರೋದು ಇನ್ನಷ್ಟು ತಡ ಆದರೂ ಆಗಲಿ.